ಚೇಂದಮಂಗಲಂ ಟೂರ್ ಬಗ್ಗೆ ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ,

ಒಂಬತ್ತನೇ ಕ್ಲಾಸಿನ ಟೂರ್ ಸರ್ಕ್ಯುಲರ್ ಕಳ್ಸಿದ ದಿನದಿಂದ ಗ್ರೂಪಲ್ಲಿ ಏನೆಲ್ಲ ಮೆಸೇಜ್ ಓಡಾಡ್ತಾ ಉಂಟು ಅಂತ ನಂಗೂ ಗೊತ್ತು, ಕೆಲವರು ಆಫೀಸಿಗೇ ಬಂದು ಕೇಳಿದ್ರಿ, ಅದು ಒಳ್ಳೇದೇ ಆಯ್ತು. ಕೊಚ್ಚಿಗೆ ಹೋಗೋದಕ್ಕೆ ಯಾರದ್ದೂ ತಕರಾರಿಲ್ಲ, ಬೋಟಿಂಗಿಗಂತೂ ಇಲ್ಲವೇ ಇಲ್ಲ. ಯಹೂದಿಗಳ ಮ್ಯೂಸಿಯಂ ಯಾಕೆ, ಅವರ ಪ್ರಾರ್ಥನಾ ಮಂದಿರದ ಒಳಗೆ ನಮ್ಮ ಮಕ್ಕಳಿಗೇನು ಕೆಲಸ, ಅದೂ ಈಗಿನ ಪರಿಸ್ಥಿತಿಯಲ್ಲಿ, ಅನ್ನೋದಷ್ಟೇ ಪ್ರಶ್ನೆ.

ಕೊಚ್ಚಿ ಹತ್ತಿರದ ಚೇಂದಮಂಗಲಂನ ಯಹೂದಿ ಪ್ರಾರ್ಥನಾ ಮಂದಿರ, ಅಂದ್ರೆ ಸಿನಗಾಗ್‌ನಲ್ಲಿ ಈಗ ಪ್ರಾರ್ಥನೆ ನಡೆಯೋದಿಲ್ಲ. ಅಲ್ಲಿನ ಯಹೂದಿಗಳು ಹೆಚ್ಚುಕಮ್ಮಿ ಎಲ್ಲರೂ 1950ರ ದಶಕದಲ್ಲಿ ಇಸ್ರೇಲಿಗೆ ಹೋದ್ರು, ಹಾಳು ಬಿದ್ದ ಕಟ್ಟಡವನ್ನ ಸರ್ಕಾರವೇ ರಿಪೇರಿ ಮಾಡಿ ಮ್ಯೂಸಿಯಂ ಮಾಡಿದೆ. ಎದುರಿಗೇ ಒಂದು ಸಮಾಧಿ ಕಲ್ಲು ಉಂಟು, ಇಸ್ರೇಲ್ ಅನ್ನೋರ ಮಗಳು ಸಾರಾ ಅಂತ ಹೀಬ್ರೂನಲ್ಲಿ ಕೆತ್ತಿದ್ದಾರೆ, ಇಸವಿ 1269. ದೇವಸ್ಥಾನ, ಮಸೀದಿ, ಚರ್ಚ್ ಎಲ್ಲ ಅಲ್ಲೇ ಹತ್ತಿರ ಹತ್ತಿರ ಇವೆ, ಮಕ್ಕಳು ಅದನ್ನೂ ನೋಡ್ಲಿ ಅನ್ನೋದು ನಮ್ಮ ಆಸೆ. ಟಿವಿಯಲ್ಲಿ ಬರೋ ಯುದ್ಧಕ್ಕೂ ಆ ಕಲ್ಲಿಗೂ ಏನು ಸಂಬಂಧ ಹೇಳಿ.

ಇನ್ನು ನಮ್ಗೂ ಇದಕ್ಕೂ ಏನು ಅಂತ ಕೇಳಿದವರಿಗೆ. ಸುಮಾರು 1132ರಿಂದ 1149ರವರೆಗೆ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ ಇದೇ ನಮ್ಮ ಮಂಗಳೂರಲ್ಲಿದ್ದ, ಟ್ಯುನೀಶಿಯಾದವ. ಮೆಣಸು, ಅಡಿಕೆ ಹಡಗಿಗೆ ಹತ್ತಿಸ್ತಿದ್ದ, ಕಂಚಿನ ಪಾತ್ರೆಯ ಕಾರ್ಖಾನೆ ಇಟ್ಟಿದ್ದ, ಯೆಮೆನ್ ದೇಶದ ಬಂದರು ಏಡನ್‌ನಿಂದ ತಾಮ್ರ ಮತ್ತು ಹಳೇ ಪಾತ್ರೆ ಕಳ್ಸಿ ಇಂಥದ್ದು ಮಾಡಿಕೊಡಿ ಅಂತ ಆರ್ಡರ್ ಬರ್ತಿತ್ತು! ಆ ಪತ್ರಗಳು ಕೈರೋದ ಸಿನಗಾಗ್‌ನಲ್ಲಿ ಸಿಕ್ಕಿವೆ. ಅವನ ಕೆಲಸಕ್ಕೆ ಏಡನ್ವರೆಗೆ ಹೋಗಿಬರ್ತಿದ್ದವನ ಹೆಸರು ಬೊಮ್ಮ. ನಮ್ಮ ಟೆಕ್ಸ್ಟ್‌ಬುಕ್ಕಲ್ಲಿ ಇವರ್ಯಾರೂ ಇಲ್ಲ, ಅದು ಬೇರೆ ಮಾತು.

ನಿಮ್ಮ ಆತಂಕ ನಂಗೆ ಅರ್ಥ ಆಗ್ತದೆ, ಮಕ್ಕಳ ಮನಸ್ಸು ಸೂಕ್ಷ್ಮ, ಅದನ್ನ ನಾನು ಹಗುರವಾಗಿ ತಗೊಳ್ತಿಲ್ಲ. ಯಾರೂ ಪ್ರಾರ್ಥನೆ ಹೇಳ್ಕೊಡೋದಿಲ್ಲ, ಯಾವ ದೇಶದ ಪರ-ವಿರೋಧ ಭಾಷಣವೂ ಇರೋದಿಲ್ಲ, ಟೀಚರ್ಸ್‌ಗೂ ಹೇಳಿಯಾಗಿದೆ. ಆದ್ರೆ ಇದನ್ನ ಕೈಬಿಟ್ಟು ಮಾಲಿಗೆ ಕರ್ಕೊಂಡು ಹೋಗಿ ಅಂದ್ರೆ ಆಗೋದಿಲ್ಲ. ಮಾಲ್ ಇಲ್ಲೂ ಉಂಟಲ್ಲ ಮಾರಾಯ್ರೆ. ನಾವು ನೋಡೋ ಇನ್ನೊಂದು ಸಿನಗಾಗ್, ಕೊಚ್ಚಿಯ ಮಟ್ಟಂಚೇರಿಯದ್ದು ಮಾತ್ರ, 1568ರದ್ದು, ಅದು ಈಗ್ಲೂ ಪ್ರಾರ್ಥನಾ ಮಂದಿರವೇ, ಅದನ್ನ ಮುಚ್ಚಿಡೋದಿಲ್ಲ. ಅಲ್ಲಿ ಮಕ್ಕಳು ಚಪ್ಪಲಿ ಬಿಚ್ಚಿ ಒಳಗೆ ಹೋಗಿ, ನೆಲಕ್ಕೆ ಹಾಸಿದ ಚೀನಾದ ನೀಲಿ-ಬಿಳಿ ಟೈಲ್ಸ್ ನೋಡಿ ಬರ್ತಾರೆ ಅಷ್ಟೇ. ಶನಿವಾರ ಅವರಿಗೆ ಸಬ್ಬತ್, ಅಂದ್ರೆ ವಾರದ ವಿಶ್ರಾಂತಿ ದಿನ, ಬಾಗಿಲು ಮುಚ್ಚಿರ್ತದೆ, ಹಾಗಾಗಿ ಭಾನುವಾರ ಇಟ್ಟಿದ್ದು, ನಿಮ್ಮ ರಜೆ ಹಾಳು ಮಾಡ್ಲಿಕ್ಕಲ್ಲ.

ಕಳ್ಸೋದು ಬೇಡ ಅನ್ನಿಸಿದ್ರೆ ಒತ್ತಾಯ ಇಲ್ಲ, ಆ ಮಗುವಿಗೆ ಮಾರ್ಕ್ಸ್ ಕಟ್ ಆಗೋದೂ ಇಲ್ಲ.

ಒಪ್ಪಿಗೆ ಚೀಟಿಗೆ ಸೈನ್ ಮಾಡಿ ಶುಕ್ರವಾರದ ಒಳಗೆ ಕ್ಲಾಸ್ ಟೀಚರ್ ಕೈಗೆ ತಲುಪಿಸಿ.

ಇಂತಿ,
ಮುಖ್ಯ ಶಿಕ್ಷಕಿ