ಯಾವ ಸಾಲಲ್ಲಿದೆ ಅಪ್ಪಾ?

ಪುಟ್ಟೀ,

ನಿನ್ನ ವಿಮಾನ ಈಗ ಎಲ್ಲಿದೆಯೋ. ಏರ್‌ಪೋರ್ಟಲ್ಲಿ ನೀನು ಅಮ್ಮನನ್ನು ತಬ್ಬಿಕೊಂಡೆ. ನನಗೆ "ಬರ್ತೀನಪ್ಪಾ" ಅಂದೆ, ಅಷ್ಟೇ. ಮೊನ್ನೆ ರಾತ್ರಿ ಊಟದ ಹೊತ್ತಲ್ಲಿ ನಡೆದದ್ದು ಇಬ್ಬರಿಗೂ ಗೊತ್ತು, ಮತ್ತೆ ಬರೆಯಲ್ಲ. ಜಗಳ ಶುರುವಾಗಿದ್ದು ಹೋಮರನ ಗ್ರೀಕ್ ಕಾವ್ಯ ಒಡಿಸ್ಸಿಯ ಪೆನೆಲೊಪಿಯಿಂದ, ಕೆಟ್ಟಿದ್ದು ನನ್ನಿಂದ.

ನನ್ನ ವಾದ ಇಷ್ಟೇ ಇತ್ತು. ಒಡಿಸ್ಸಿಯ 19ನೇ ಭಾಗದಲ್ಲಿ ಭಿಕ್ಷುಕನ ವೇಷದಲ್ಲಿ ಎದುರು ಕೂತವನು ಎಷ್ಟೋ ವರ್ಷದ ಮೇಲೆ ಮರಳಿದ ತನ್ನ ಗಂಡ ಒಡಿಸಿಯಸ್ಸೇ ಅಂತ ಅವಳಿಗೆ ಗೊತ್ತಾಗಿತ್ತು. ಇಲ್ಲದಿದ್ದರೆ ಯಾರೋ ದಾರಿಹೋಕನ ಮುಂದೆ ತನ್ನ ಕನಸು ಯಾಕೆ ಹೇಳುತ್ತಾಳೆ? 20 ಹೆಬ್ಬಾತು, ಅವುಗಳ ಕತ್ತು ಮುರಿಯುವ ಹದ್ದು, ಆ ಹದ್ದೇ "ನಾನು ನಿನ್ನ ಗಂಡ" ಅನ್ನೋದು. ಮದುವೆಗೆ ಕಾಡುವವರನ್ನು ಇಷ್ಟು ವರ್ಷ ತಡೆದವಳು, ಗೆದ್ದವನನ್ನು ಮದುವೆಯಾಗ್ತೀನಿ ಅಂತ ಮಾರನೇ ದಿನವೇ ಬಿಲ್ಲಿನ ಪಂದ್ಯ ಯಾಕೆ ಇಡುತ್ತಾಳೆ?

ನೀನು ಕೇಳಿದೆ, "ಯಾವ ಸಾಲಲ್ಲಿದೆ ಅಪ್ಪಾ?"

"ವಿವೇಕಿ ಪೆನೆಲೊಪಿ ಅಂತ ಮತ್ತೆ ಮತ್ತೆ ಬರುತ್ತಲ್ಲ" ಅಂದೆ. ನೀನು ನಕ್ಕೆ. ಅದು ಛಂದಸ್ಸಿನಲ್ಲಿ ಕೂರೋ ಬಿರುದು, ಬಾಯಲ್ಲೇ ಕಾವ್ಯ ಕಟ್ಟೋರಿಗೆ ಇಂಥ ಸಿದ್ಧ ಮಾತುಗಳು ಬೇಕು, 1930ರ ದಶಕದಲ್ಲಿ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯಾದ ಹಾಡುಗಾರರನ್ನು ರೆಕಾರ್ಡ್ ಮಾಡಿಕೊಂಡಿದ್ದು ಇದಕ್ಕೇ ಅಂತ ಪಾಠ ಮಾಡಿದೆ. ಆಮೇಲೆ ಪುಟ ತಿರುವಿ ತೋರಿಸಿದೆ. ಭಿಕ್ಷುಕನ ಕಾಲು ತೊಳೆಯುವ ಮುದುಕಿ ದಾಸಿ ಯೂರಿಕ್ಲಿಯಾಳ ಕೈಗೆ ಹಳೇ ಗಾಯದ ಕಲೆ ತಾಗಿ ಒಡಿಸಿಯಸ್‌ನ ಗುರುತು ಸಿಗುತ್ತದೆ. ಹಿಡಿದಿದ್ದ ಕಾಲು ಕೈ ಜಾರುತ್ತದೆ, ಕಂಚಿನ ಬೋಗುಣಿ ಠಣ್ ಅಂತ ವಾಲಿ ನೀರೆಲ್ಲ ನೆಲದ ಪಾಲು. ಮುದುಕಿ ಪೆನೆಲೊಪಿ ಕಡೆ ನೋಡುತ್ತಾಳೆ. ಪೆನೆಲೊಪಿಗೆ ಅದು ಕಾಣಲ್ಲ, ದೇವತೆ ಅಥೀನಾ ಅವಳ ಗಮನ ಬೇರೆ ಕಡೆ ತಿರುಗಿಸಿದ್ದಳು. "ಕವಿಯೇ ಹೇಳಿದ ಮೇಲೆ ನಾವ್ಯಾರಪ್ಪಾ?" ಅಂದೆ.

(ಇದು ನನ್ನೊಬ್ಬನ ಹುಚ್ಚಲ್ಲ. 1950ರಲ್ಲಿ ಫಿಲಿಪ್ ಹಾರ್ಶ್ ಅನ್ನೋ ವಿದ್ವಾಂಸ ನನ್ನ ಪರವಾಗಿಯೇ ಬರೆದಿದ್ದಾನೆ. ಹಾಗೇ, ಇಂಥ ಪ್ರಶ್ನೆ ಹಿಡಿದು ಕೂರೋರನ್ನು ರೋಮಿನ ತತ್ವಜ್ಞಾನಿ ಸೆನೆಕಾ 2000 ವರ್ಷದ ಹಿಂದೆಯೇ ಒಂದು ಪತ್ರದಲ್ಲಿ ಹಂಗಿಸಿದ್ದಾನೆ.)

ಸೋತೆ ನೋಡು, ಅದಕ್ಕೇ ಸಿಟ್ಟು ಬೇರೆ ಕಡೆ ಹರಿಯಿತು. ಅಥೆನ್ಸಲ್ಲಿ ಓದೋಕೆ ಸೀಟು ಸಿಕ್ಕಿದ್ದು ಮಾರ್ಚಲ್ಲಿ, ನಮಗೆ ಹೇಳಿದ್ದು ಜೂನಲ್ಲಿ. "ಮೂರು ತಿಂಗಳು ಮುಚ್ಚಿಟ್ಟೆ ಅಂದ್ರೆ ನಿನಗೆ ನಾವು ಬೇಡವಾಗಿದೀವಿ" ಅಂದುಬಿಟ್ಟೆ. ನೀನು ದನಿ ಏರಿಸಲಿಲ್ಲ. ಮತ್ತೆ ಅದನ್ನೇ ಕೇಳಿದೆ, "ಯಾವ ಸಾಲಲ್ಲಿದೆ ಅಪ್ಪಾ?" ನಾನು ಮೊಸರನ್ನ ಬಿಟ್ಟು ಎದ್ದೆ.

ಅವತ್ತಿನಿಂದ ನಿನ್ನ ಮಂಡಿಯ ಕಲೆ ಕಣ್ಣ ಮುಂದೆ ಬರ್ತಾ ಇದೆ. ನಿನಗೆ ಏಳು ವರ್ಷ. ನನ್ನ ಅಂಗಿ ಜೇಬಲ್ಲಿ ಹತ್ತು ರೂಪಾಯಿ ಕಡಿಮೆ. ಪಕ್ಕದ ಮನೆ ಹುಡುಗನ ಸೈಕಲ್ಲಿನ ಮುಂದಿನ ಚಕ್ರ ಸೊಟ್ಟ. ನೀನು ಬಚ್ಚಲ ಬಾಗಿಲ ಹಿಂದೆ ನಿಂತು ಮಂಡಿಗೆ ಲಂಗ ಒತ್ತಿ ಹಿಡಿದಿದ್ದೆ, ಹಸಿರು ಲಂಗ, ರಕ್ತ ತಾಗಿದ ಕಡೆ ಕಪ್ಪಗೆ ಕಾಣ್ತಿತ್ತು. ನಾನು ಪತ್ತೇದಾರನ ಥರ ಎಲ್ಲ ಜೋಡಿಸಿದೆ. ದುಡ್ಡು ಕದ್ದಿದ್ದಾಳೆ, ಸೈಕಲ್ ಹೇಳದೆ ತಗೊಂಡಿದ್ದಾಳೆ, ಬಿದ್ದಿದ್ದಾಳೆ. ಅಂಗೈ ಮೇಲೆ ಎರಡು ಬಿಟ್ಟೆ. ನೀನು ತುಟಿ ಬಿಚ್ಚಲಿಲ್ಲ. ಆ ಮೌನವೇ ಸಾಕ್ಷಿ ಅಂದುಕೊಂಡೆ. ಹೊಲಿಗೆ ಹಾಕಿಸಿದ್ದು ಆಮೇಲೆ, ಅದೂ ಅಮ್ಮ ಹೇಳಿದ ಮೇಲೆ. ಎರಡು ದಿನ ಕಳೆದು ಅಜ್ಜಿಯೇ ಅಳುತ್ತಾ ಬಂದು ಹೇಳಿದಳು. ನಶ್ಯ ತರೋಕೆ ಕಳಿಸಿದ್ದು ಅವಳು, ಜೇಬಿಂದ ದುಡ್ಡು ತೆಗೆದದ್ದೂ ಅವಳೇ. "ನಿಮ್ಮಪ್ಪನಿಗೆ ಹೇಳಬೇಡ" ಅಂತ ನಿನ್ನ ಹತ್ತಿರ ಆಣೆ ಹಾಕಿಸಿಕೊಂಡಿದ್ದಳಂತೆ. ಯಾರಿಗೂ ಹೇಳಬೇಡ ಅಂತ ಯೂರಿಕ್ಲಿಯಾಳ ಗಂಟಲು ಹಿಡಿದು ಒಡಿಸಿಯಸ್ ಬೆದರಿಸಿದಾಗ ಅವಳು ಕಲ್ಲಿನ ಥರ, ಕಬ್ಬಿಣದ ಥರ ಇರ್ತೀನಿ ಅನ್ನುತ್ತಾಳಲ್ಲ, ಹಾಗಿದ್ದೆ ನೀನು. ಏಳು ವರ್ಷಕ್ಕೆ. ನಾನು ನಿನ್ನ ಹತ್ತಿರ ತಪ್ಪಾಯ್ತು ಅಂದೆನಾ? ಇಲ್ಲ. ಒಂದು ಚಾಕಲೇಟ್ ತಂದುಕೊಟ್ಟೆ.

ನೀರು ಚೆಲ್ಲುವ ಮುಂಚೆ ಹೋಮರ್ ಕೂಡ ಕಲೆಯ ಕಥೆ ಹೇಳೋಕೆ ಹೋಗಿ, ಪರ್ನಾಸಸ್ ಬೆಟ್ಟ, ಕಾಡುಹಂದಿ ಅಂತ ಸುಮಾರು 70 ಸಾಲು ಕಳೆಯುತ್ತಾನೆ. ನನಗೂ ಅಷ್ಟು ಮಾಫಿ ಇರಲಿ.

ನಿನ್ನೆ ರಾತ್ರಿ ನಿದ್ದೆ ಬರದೆ 24ನೇ ಭಾಗ ಓದಿದೆ. ಪೆನೆಲೊಪಿಯನ್ನು ಮದುವೆಗೆ ಕಾಡಿದವರಲ್ಲೊಬ್ಬ, ಸತ್ತು ಪಾತಾಳ ಸೇರಿದ ಆಂಫಿಮೆಡಾನ್, ಅಲ್ಲಿದ್ದ ರಾಜ ಅಗಮೆಮ್ನಾನನಿಗೆ ನಡೆದ ಕಥೆ ಹೇಳುತ್ತಾನೆ. ಒಡಿಸಿಯಸ್ಸೇ ಹೆಂಡತಿಗೆ ಹೇಳಿಕೊಟ್ಟು ಬಿಲ್ಲಿನ ಪಂದ್ಯ ಇಡಿಸಿದ ಅನ್ನುತ್ತಾನೆ. ಹಾಗೆ ಆಗಿಲ್ಲ, ಓದಿದ ನಮಗೆ ಗೊತ್ತು. ಪಾಪ, ಅವನಿಗೆ ಕೊನೆಯಷ್ಟೇ ಕಂಡಿತ್ತು. ಈಟಿ ತಗುಲಿದ ಮೇಲೆ ಹಿಂದಕ್ಕೆ ಹೋಗಿ ಕಾರಣ ಕಟ್ಟಿದ. ನನ್ನ ವಾದವೂ ಹೆಚ್ಚುಕಮ್ಮಿ ಅವನದ್ದೇ. ಓದ್ತಾ ಓದ್ತಾ ನಾಚಿಕೆಯಾಯಿತು.

ಆದರೂ ಒಂದು ಮಾತು. ಅಲ್ಲಿ ಮೇಷ್ಟ್ರುಗಳ ಮುಂದೆ ಸಾಲು ಸಾಲು ಅಂತ ಅದಕ್ಕೇ ಅಂಟಿಕೊಳ್ಳಬೇಡ. ಮಂಚವನ್ನು ಆಚೆ ಹಾಕು ಅಂತ 23ನೇ ಭಾಗದಲ್ಲಿ ಪೆನೆಲೊಪಿ ದಾಸಿಗೆ ಹೇಳಿದಾಗ ಅವಳ ಮನಸ್ಸಲ್ಲಿ ಏನಿದೆ ಅಂತ ಅವಳು ಬಾಯಿಬಿಟ್ಟು ಹೇಳಲ್ಲ. ಆಲಿವ್ ಮರದ ಬುಡವನ್ನೇ ಕಾಲು ಮಾಡಿದ ಮಂಚ ಅದು, ಕದಲಿಸೋಕೆ ಆಗಲ್ಲ ಅಂತ ಅದನ್ನು ಕಟ್ಟಿದ ಒಡಿಸಿಯಸ್ಸಿಗೆ ಗೊತ್ತು. ಊಹೆ ಬೇಕು ಪುಟ್ಟೀ. ಬುಡ ಇರೋ ಊಹೆ ಬೇಕು. ನೋಡು, ಮತ್ತೆ ಪಾಠ ಶುರು ಮಾಡಿದೆ. ಗ್ರೀಕ್ ಅಕ್ಷರವನ್ನು ಅಡುಗೆಮನೆ ಕ್ಯಾಲೆಂಡರ್ ಹಿಂದೆ ಬರೆದು ತಾನೇ ಕಲಿತವಳಿಗೆ ನಾನು ಹೇಳೋದಾ!

ಮಾರ್ಚಿಂದ ಜೂನ್‌ವರೆಗೆ ಯಾಕೆ ಸುಮ್ಮನಿದ್ದೆ? ನನಗೆ ಗೊತ್ತಿಲ್ಲ. ಹೇಳಬೇಕು ಅನ್ನಿಸಿದಾಗ ಹೇಳು.

ಬ್ಯಾಗಿನ ಸೈಡ್ ಜಿಪ್ಪಲ್ಲಿ ಚಟ್ನಿಪುಡಿ ಇದೆ. ಕವರ್ ಒಡೆದಿದೆಯಾ ನೋಡು. ಅಥೆನ್ಸಲ್ಲಿ ಚಳಿ ಶುರುವಾದರೆ ಫೋನ್ ಮಾಡು, ಅಮ್ಮ ಕೇಳ್ತಾಳೆ.

ನಿನ್ನ ಒಡಿಸ್ಸಿ ಇಲ್ಲೇ ಮೇಜಿನ ಮೇಲಿದೆ. 19ನೇ ಭಾಗದ ಹಾಳೆ ನಡುವೆ ಪೆನ್ಸಿಲ್ ಇದೆ. ಮರೆತು ಹೋದೆಯಾ, ನನಗೆ ಅಂತ ಬಿಟ್ಟು ಹೋದೆಯಾ? ಮರೆತಿದ್ದರೆ ವಿಳಾಸ ಕಳಿಸು, ಸೋಮವಾರ ಪೋಸ್ಟ್ ಮಾಡ್ತೀನಿ.

ಅಪ್ಪ