ಯಂತ್ರ ಬಂತು, ಬೀಗದ ಕೈ ಬರಲಿಲ್ಲ

ಮಾನ್ಯರೇ,

ಭಾನುವಾರದ ನಿಮ್ಮ ಪತ್ರಿಕೆಯಲ್ಲಿ ನಮ್ಮ ಆಸ್ಪತ್ರೆಯ ಎಕ್ಸ್‌-ರೇ ಯಂತ್ರದ ಬಗ್ಗೆ ಬಂದ ವರದಿ ಓದಿದೆ. ಆಫ್ರಿಕಾದ ಮಲಾವಿಯ ಈ ಜಿಲ್ಲಾ ಆಸ್ಪತ್ರೆ ಎಲ್ಲಿದೆ, ಯಂತ್ರ ದಾನ ಕೊಟ್ಟವರು ಯಾರು, ರಿಬ್ಬನ್ ಕತ್ತರಿಸಿದವರು ಯಾರು ಎಲ್ಲ ಅದರಲ್ಲೇ ಇದೆ. ನಾನು ಮತ್ತೆ ಹೇಳುವುದಿಲ್ಲ. ಆದರೆ ‘ಬಡ ದೇಶಕ್ಕೆ ತಂತ್ರಜ್ಞಾನ ವರ್ಗಾವಣೆ’ ಎಂಬ ತಲೆಬರಹ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಆ ವರದಿ ಅಚ್ಚಾದ ದಿನಕ್ಕೆ ಯಂತ್ರ ನಿಂತು 11 ದಿನ ಆಗಿತ್ತು. ಇವತ್ತಿಗೆ 14. ಅದನ್ನು ನಡೆಸಿಕೊಂಡು ಹೋಗುವ ಜವಾಬ್ದಾರಿ ನನ್ನದು. ಇಲ್ಲಿ ಉಪಕರಣ ದುರಸ್ತಿ ನೋಡಿಕೊಳ್ಳುವವನು ನಾನೇ.

ಆಗಿದ್ದು ಇಷ್ಟು. ರಾತ್ರಿ ಕರೆಂಟ್ ಹೋಯಿತು. ಬರುವಾಗ ವೋಲ್ಟೇಜ್ ಎಗರಿತು. ಬೆಳಿಗ್ಗೆ ಸ್ವಿಚ್ ಹಾಕಿದರೆ ಪರದೆ ಮೇಲೆ ಒಂದು ಸಂಖ್ಯೆ, ಕೆಳಗೆ ‘ಸರ್ವಿಸ್ ಎಂಜಿನಿಯರನ್ನು ಕರೆಯಿರಿ’ ಎಂಬ ಸಾಲು. ನನ್ನ ಜೊತೆ ಕೆಲಸ ಮಾಡುವ ಹುಡುಗ ಇಲ್ಲಿಯವನೇ, ಡಿಪ್ಲೊಮಾ ಓದಿದವನು. ಅವನೇ ಹಿಂದಿನ ಮುಚ್ಚಳ ಬಿಚ್ಚಿದ. ಪವರ್ ಸಪ್ಲೈ ಬೋರ್ಡಿನ ಒಂದು ಮೂಲೆಯಲ್ಲಿ ಹೊಗೆಯ ಕಪ್ಪು ಕಲೆ, ಸುಟ್ಟ ವಾಸನೆ. ಹಾಳಾದ ಎರಡು ಬಿಡಿಭಾಗ ಕಿತ್ತು ಬೇರೆ ಹಾಕಿ ಬೆಸುಗೆ ಹಾಕಿದ. ಮೀಟರ್ ಹಿಡಿದು ನೋಡಿದೆವು, ಬರಬೇಕಾದ ವೋಲ್ಟೇಜ್ ಎಲ್ಲ ಕಡೆ ಬರುತ್ತಿತ್ತು. ಒಟ್ಟು 40 ನಿಮಿಷದ ಕೆಲಸ.

ಯಂತ್ರ ಆನ್ ಆಯಿತು. ಆದರೆ ಚಿತ್ರ ತೆಗೆಯಲಿಲ್ಲ. ಬೋರ್ಡಿಗೆ ಕೈ ಹಾಕಿದ ಮೇಲೆ ಒಮ್ಮೆ ಕ್ಯಾಲಿಬ್ರೇಶನ್, ಅಂದರೆ ಅಳತೆ ಸರಿಹೊಂದಿಸುವ ಕೆಲಸ, ಮಾಡಬೇಕಂತೆ. ಅದಕ್ಕೆ ಸರ್ವಿಸ್ ಮೆನು ತೆರೆಯಬೇಕು. ಆ ಮೆನುವಿಗೆ ಪಾಸ್‌ವರ್ಡ್ ಬೇಕು, ಜೊತೆಗೆ ಯಂತ್ರಕ್ಕೆ ಚುಚ್ಚುವ ಒಂದು ಡಾಂಗಲ್ ಬೇಕು. ಹೆಬ್ಬೆರಳಿನಷ್ಟು ದೊಡ್ಡದು. ಅದು ಕಂಪನಿಯ ಎಂಜಿನಿಯರ್ ಜೇಬಿನಲ್ಲಿರುತ್ತದೆ. ಆ ಎಂಜಿನಿಯರ್ ಇರುವುದು ಬೇರೆ ಖಂಡದಲ್ಲಿ.

ಅವತ್ತಿನಿಂದ ನನ್ನ ಪಾಡು ಕೇಳಬೇಡಿ. ಕಂಪನಿಗೆ ಫೋನ್ ಮಾಡಿದರೆ ಡೀಲರನ್ನು ಕೇಳಿ ಅಂದರು. ಡೀಲರ್ ಇರುವುದು ಪಕ್ಕದ ದೇಶದಲ್ಲಿ. ಅವರು, ನಾವು ಮಾರಿದ ಯಂತ್ರ ಅಲ್ಲ, ದಾನ ಬಂದದ್ದು, ನಮಗೆ ಸಂಬಂಧ ಇಲ್ಲ ಅಂದರು. ಮತ್ತೆ ಕಂಪನಿ. ಸೀರಿಯಲ್ ನಂಬರ್ ಕೊಡಿ, ಫಾರಂ ತುಂಬಿ, ಫೋಟೊ ಕಳಿಸಿ. ಅವರ ಕಚೇರಿ ವೇಳೆಗೆ ಇಲ್ಲಿ ಕರೆಂಟ್ ಇರಲ್ಲ. ಇಲ್ಲಿ ಕರೆಂಟ್ ಬಂದಾಗ ಅವರು ಬಾಗಿಲು ಹಾಕಿರುತ್ತಾರೆ. ಎರಡು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೇ ಮಲಗಿದೆ. ತಿಂಗಳ ಡೇಟಾ ನಾಲ್ಕು ದಿನಕ್ಕೆ ಮುಗಿಯಿತು, ಮತ್ತೆ ಕೈಯಿಂದ ಹಾಕಿಸಿದೆ. ಊರಿಗೆ ಹೋಗಲು ಹಾಕಿದ್ದ ರಜೆ ರದ್ದು ಮಾಡಿದೆ, ಟಿಕೆಟ್ ಹಣ ಹೋಯಿತು. ಎಂಟನೇ ದಿನ ಉತ್ತರ ಬಂತು: ಸರ್ವಿಸ್ ಒಪ್ಪಂದ ಇಲ್ಲ, ಎಂಜಿನಿಯರ್ ಬರಬೇಕಾದರೆ ವಿಮಾನ, ವಸತಿ, ದಿನಗೂಲಿ ಎಲ್ಲ ಮುಂಗಡವಾಗಿ ಡಾಲರಿನಲ್ಲಿ ಕಟ್ಟಿ. ಅವರು ಹೇಳಿದ ಮೊತ್ತ ನಮ್ಮ ವಿಭಾಗದ ಇಡೀ ವರ್ಷದ ಬಿಡಿಭಾಗದ ಹಣಕ್ಕಿಂತ ಜಾಸ್ತಿ. ಪಾಸ್‌ವರ್ಡ್ ಆದರೂ ಹೇಳಿ ಎಂದು ಬೇಡಿಕೊಂಡೆ. ಅದು ಕಂಪನಿಯ ಗುಟ್ಟಂತೆ.

ನನ್ನ ಕಷ್ಟ ಹಾಗಿರಲಿ. ಯಂತ್ರ ನಿಂತ ಮೂರನೇ ದಿನ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಳು. ಹುಡುಗ ಮಾವಿನ ಮರದಿಂದ ಬಿದ್ದಿದ್ದ. ಮಣಿಕಟ್ಟು ಊದಿ ಬದನೆಕಾಯಿ ಥರ ಆಗಿತ್ತು, ಇಲ್ಲಿನ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಚಿತೆಂಜೆ ಬಟ್ಟೆಯಲ್ಲಿ ಕೈಯನ್ನು ಎದೆಗೆ ಕಟ್ಟಿದ್ದಳು. ನಸುಕಿನಲ್ಲಿ ಹೊರಟು ನಡೆದೇ ಬಂದಿದ್ದರು. ಮುಂದಿನ ಎಕ್ಸ್‌-ರೇ ಇರುವುದು ಮಿನಿಬಸ್ಸಿನಲ್ಲಿ ನಾಲ್ಕು ಗಂಟೆ ದೂರದಲ್ಲಿ. ಆಂಬುಲೆನ್ಸಿಗೆ ಡೀಸೆಲ್ ಇರಲಿಲ್ಲ. ಬಸ್ಸಿನ ದುಡ್ಡು ನಾವೇ ಕೂಡಿಸಿ ಕೊಟ್ಟೆವು. ಹೊರಡುವಾಗ ಆಕೆ ಎಕ್ಸ್‌-ರೇ ಕೋಣೆಯ ಬಾಗಿಲಿಗೆ ಅಂಟಿಸಿದ್ದ ಫೋಟೊ ನೋಡುತ್ತಾ ನಿಂತಳು. ರಿಬ್ಬನ್ ಕತ್ತರಿಸಿದ ಫೋಟೊ, ನೀವು ಹಾಕಿದ್ದೂ ಅದನ್ನೇ. ಯಂತ್ರ ಹೊಸದಲ್ವಾ ಎಂದು ಕೇಳಿದಳು. ಹೌದು ಎಂದೆ. ಇನ್ನೇನು ಹೇಳಲಿ?

ಇದನ್ನು ವರ್ಗಾವಣೆ ಎನ್ನುತ್ತೀರಾ? ಯಂತ್ರ ಬಂದಿದೆ, ನಿಜ. ತಂತ್ರಜ್ಞಾನ ಎಲ್ಲಿ ಬಂತು? ಅದು ಆ ಡಾಂಗಲ್ ಒಳಗೇ ಕೂತಿದೆ. ನನ್ನ ಹುಡುಗನಿಗೆ ಕೈ ಇದೆ, ತಲೆ ಇದೆ. ಅವನಿಗೆ ಕೊಡದೆ ಉಳಿದದ್ದು ಆ ಒಂದು ಬೀಗದ ಕೈ.

ಇದು ಒಂದು ಆಸ್ಪತ್ರೆಯ ಕಥೆಯಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 16 ದೇಶಗಳ ಆಸ್ಪತ್ರೆ ಉಪಕರಣಗಳ ಪಟ್ಟಿ ತೆಗೆದು ನೋಡಿದ್ದರು. ಒಂದು ಲಕ್ಷಕ್ಕೂ ಹೆಚ್ಚು ಉಪಕರಣಗಳಲ್ಲಿ ನೂರಕ್ಕೆ 38ರಷ್ಟು ಕೆಲಸ ಮಾಡುತ್ತಿರಲಿಲ್ಲ. ನಮ್ಮ ಹಿಂದಿನ ಗೋದಾಮಿಗೆ ಬನ್ನಿ, ತೋರಿಸುತ್ತೇನೆ. ಗಾಳಿಯಿಂದ ಆಕ್ಸಿಜನ್ ಬೇರೆ ಮಾಡಿ ಕೊಡುವ ಕಾನ್ಸಂಟ್ರೇಟರುಗಳು, 110 ವೋಲ್ಟಿನವು, ಸಾಲಾಗಿ ನಿಂತಿವೆ. ಈ ದೇಶದಲ್ಲಿ ಗೋಡೆಯಿಂದ ಬರುವುದು 230 ವೋಲ್ಟ್. ಕಳಿಸುವ ಮುಂಚೆ ಒಬ್ಬರಾದರೂ ಕೇಳಬಾರದಿತ್ತಾ? ಇಲ್ಲಿನ ಮೇಲಿನ ಕಚೇರಿಯವರನ್ನೂ ನಾನು ಬಿಡುವುದಿಲ್ಲ. ಕಂಟೇನರ್ ಬಂದರೆ ಸಾಕು, ಒಳಗೆ ಏನಿದೆ ನೋಡದೆ ಸಹಿ ಹಾಕುತ್ತಾರೆ. ಕೈಪಿಡಿ ಬಂದಿದೆಯಾ, ಸರ್ವಿಸ್ ಕೀ ಬಂದಿದೆಯಾ ಎಂದು ಕೇಳಿ ಎಂದು ಮೂರು ವರ್ಷದಿಂದ ಬರೆಯುತ್ತಿದ್ದೇನೆ. ಒಂದಕ್ಕೂ ಉತ್ತರ ಇಲ್ಲ.

ಇನ್ನು ಜಿನೀವಾದವರ, ಅಂದರೆ ಅಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯವರ ವಿಷಯ. ಶ್ರೀಮಂತ ದೇಶಗಳು ತಂತ್ರಜ್ಞಾನ ವರ್ಗಾವಣೆಯನ್ನು ದಯೆಯಿಂದ ಮಾಡಬೇಕಾಗಿಲ್ಲ, ಮಾಡುತ್ತೇವೆ ಎಂದು ಬರೆದುಕೊಟ್ಟಿವೆ. 1995ರ ಜನವರಿ 1ರಿಂದ ಜಾರಿಯಲ್ಲಿರುವ ಟ್ರಿಪ್ಸ್ ಎಂಬ, ಪೇಟೆಂಟ್ ಮುಂತಾದ ಬೌದ್ಧಿಕ ಸ್ವತ್ತಿನ ಒಪ್ಪಂದದ 66ನೇ ವಿಧಿಯ 2ನೇ ಭಾಗ ನೋಡಿ. ಮುಂದುವರಿದ ದೇಶಗಳು ತಮ್ಮ ಕಂಪನಿಗಳಿಗೆ, ಸಂಸ್ಥೆಗಳಿಗೆ ಪ್ರೋತ್ಸಾಹ ಕೊಟ್ಟು ತೀರಾ ಹಿಂದುಳಿದ ದೇಶಗಳಿಗೆ ತಂತ್ರಜ್ಞಾನ ಹೋಗುವಂತೆ ಮಾಡಬೇಕು, ಆ ದೇಶಗಳು ಸ್ವಂತ ಕಾಲ ಮೇಲೆ ನಿಲ್ಲುವಂತಾಗಬೇಕು. 2001ರಲ್ಲಿ ದೋಹಾದಲ್ಲಿ ಆ ಸಂಸ್ಥೆಯ ಸಭೆಯಲ್ಲಿ ಅದನ್ನೇ ಮತ್ತೆ ಹೇಳಿದರು. 2003ರ ಫೆಬ್ರುವರಿಯಲ್ಲಿ, ಏನು ಮಾಡಿದಿರಿ ಎಂದು ವರ್ಷವರ್ಷ ವರದಿ ಕೊಡಬೇಕು ಎಂದು ತೀರ್ಮಾನ ಮಾಡಿದರು. ವರದಿಗಳೇನೋ ಬರುತ್ತಿವೆ. ತರಬೇತಿ ಶಿಬಿರ, ವಿದ್ಯಾರ್ಥಿವೇತನ, ಸಲಹೆಗಾರರ ಭೇಟಿ ಎಲ್ಲ ಅದರೊಳಗೆ ಸೇರುತ್ತದೆ. ಯಾವುದನ್ನು ವರ್ಗಾವಣೆ ಎನ್ನಬೇಕು ಎಂಬುದಕ್ಕೇ ಎಲ್ಲರೂ ಒಪ್ಪಿದ ಅರ್ಥ ಇಲ್ಲ. ಜಾಸ್ತಿ ಕೇಳಿದರೆ, ತಂತ್ರಜ್ಞಾನ ಖಾಸಗಿಯವರ ಸ್ವತ್ತು, ಸರ್ಕಾರ ಬಲವಂತ ಮಾಡಲು ಆಗುವುದಿಲ್ಲ ಎನ್ನುತ್ತಾರೆ. ಬಲವಂತ ಮಾಡಿ ಎಂದು ಯಾರು ಹೇಳಿದರು? ಪ್ರೋತ್ಸಾಹ ಕೊಡಿ ಎಂದು ತಾನೇ ಸಹಿ ಹಾಕಿದ್ದು? ತೆರಿಗೆಯಲ್ಲಿ ಬಿಡಿ, ಸಾಲ ಕೊಡಿ, ಕಲಿಸಲು ಬರುವ ಎಂಜಿನಿಯರನ ಸಂಬಳ ಕೊಡಿ. ಅದಕ್ಕೆ 30 ವರ್ಷ ಸಾಲಲಿಲ್ವಾ?

ಕೋವಿಡ್ ಕಾಲದಲ್ಲೂ ಇದೇ ಆಯಿತು. ಪೇಟೆಂಟ್ ಬಿಗಿ ಸಡಿಲಿಸಿ ಎಂದು ಅದೇ ಸಂಸ್ಥೆಯಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ 2020ರ ಅಕ್ಟೋಬರಿನಲ್ಲಿ ಕೇಳಿದವು. ತೀರ್ಮಾನ ಬಂದದ್ದು 2022ರ ಜೂನ್ 17ಕ್ಕೆ, ಅದೂ ಲಸಿಕೆಗೆ ಮಾತ್ರ, ಅದೂ ಪೇಟೆಂಟಿಗೆ ಮಾತ್ರ. ಪೇಟೆಂಟಿನ ಹಾಳೆ ಓದಿ ಲಸಿಕೆ ಮಾಡಲು ಬರುತ್ತದಾ? ಕೇಪ್‌ಟೌನಿನ ಅಫ್ರಿಜೆನ್ ಪ್ರಯೋಗಾಲಯದವರನ್ನು ಕೇಳಿ, ಕೋವಿಡ್ ಲಸಿಕೆ ಮಾಡಲು ಹೊರಟವರು ಅವರು. ಅಮೆರಿಕದ ಲಸಿಕೆ ಕಂಪನಿ ಮಾಡೆರ್ನಾ, ಸಾಂಕ್ರಾಮಿಕ ಇರುವಾಗ ಕೋವಿಡ್ ಪೇಟೆಂಟ್ ಹಿಡಿದು ಕಾಡುವುದಿಲ್ಲ ಎಂದಿತ್ತು. ಮಾಡುವ ವಿಧಾನ ಮಾತ್ರ ಹೇಳಿಕೊಡಲಿಲ್ಲ. ಎಲ್ಲರಿಗೂ ಸಿಗುವಂತಿದ್ದ, ಆ ಲಸಿಕೆಯ ಜೀನ್ ಅನುಕ್ರಮ ಇಟ್ಟುಕೊಂಡು ಅಫ್ರಿಜೆನ್‌ನವರೇ ತಡಕಾಡಿ 2022ರ ಆರಂಭದಲ್ಲಿ ಲಸಿಕೆಯ ಮಾದರಿ ಮಾಡಿದರು. ಪಕ್ಕದಲ್ಲಿ ನಿಂತು ಕಲಿಸುವವರು ಇದ್ದಿದ್ದರೆ ಎಷ್ಟು ತಿಂಗಳು ಉಳಿಯುತ್ತಿತ್ತು!

ಆಗುವುದೇ ಇಲ್ಲ ಎಂದು ಯಾರೂ ಹೇಳಬೇಡಿ. ಇದೇ ಮಲಾವಿಯಲ್ಲಿ ಆಗಿದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಬ್ಲಾಂಟೈರ್ ನಗರದ ಕ್ವೀನ್ ಎಲಿಜಬೆತ್ ಆಸ್ಪತ್ರೆಯವರ ಜೊತೆ ಕೂತು, ಉಸಿರಾಡಲು ಕಷ್ಟಪಡುವ ಹಸುಗೂಸುಗಳಿಗೆ ಗಾಳಿ ಒತ್ತಿ ಕೊಡುವ ಒಂದು ಸಾಧನ ಮಾಡಿದರು. ಹೆಸರು ಪುಮಾನಿ. ಮೊದಲ ಮಾದರಿಗೆ ಮೀನಿನ ತೊಟ್ಟಿಯ ಪಂಪ್ ಹಾಕಿದ್ದರು. ಇಲ್ಲಿನ ವಾರ್ಡಿನಲ್ಲೇ ಪರೀಕ್ಷೆ ಮಾಡಿದರು, ಇಲ್ಲಿನ ನರ್ಸುಗಳಿಗೆ ಕಲಿಸಿದರು. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಬರೀ ಆಕ್ಸಿಜನ್ ಕೊಟ್ಟ ಕೂಸುಗಳಲ್ಲಿ ಉಳಿದದ್ದು ನೂರಕ್ಕೆ 44, ಪುಮಾನಿ ಹಾಕಿದವುಗಳಲ್ಲಿ 71. ವರದಿ ಮಾಡುವುದಾದರೆ ಇದನ್ನು ಮಾಡಿ ಸ್ವಾಮಿ.

ನಾನು ಕೇಳುವುದು ದೊಡ್ಡದೇನಲ್ಲ. ಬಡ ದೇಶಕ್ಕೆ ಹೋಗುವ ಪ್ರತಿ ಯಂತ್ರದ ಜೊತೆ ಸರ್ವಿಸ್ ಕೈಪಿಡಿ, ಪಾಸ್‌ವರ್ಡ್, ಡಾಂಗಲ್ ಕಳಿಸಬೇಕು ಎಂದು ಆ ಸರ್ಕಾರಗಳು ನಿಯಮ ಮಾಡಲಿ. ಅದಾಗದಿದ್ದರೆ ಯಂತ್ರದ ಜೊತೆ ಒಬ್ಬ ಮನುಷ್ಯನನ್ನು ಕಳಿಸಲಿ, ಆರು ತಿಂಗಳು ಇದ್ದು ಕಲಿಸಿ ಹೋಗಲಿ. ಅದೂ ಆಗದಿದ್ದರೆ ಇಂಥ ದಾನವನ್ನು ಜಿನೀವಾದ ವರದಿಯಲ್ಲಿ ಬರೆದುಕೊಳ್ಳುವುದನ್ನಾದರೂ ಬಿಡಲಿ. ಇಲ್ಲಿನ ಅಧಿಕಾರಿಗಳು ಸಹಿ ಹಾಕುವ ಮುಂಚೆ ನಮ್ಮಂಥವರನ್ನು ಒಂದು ಮಾತು ಕೇಳಲಿ. ಯಾರಾದರೂ ಏನಾದರೂ ಮಾಡಲಿ, ಸಾಕಾಗಿ ಹೋಗಿದೆ.

ನಿಮ್ಮ ವರದಿಗಾರರ ಬಳಿ ಆ ಕಂಪನಿಯ ಫೋನ್ ನಂಬರ್ ಇದ್ದೇ ಇರುತ್ತದೆ. ದಯವಿಟ್ಟು ಒಮ್ಮೆ ಮಾಡಿ ಕೇಳಲಿ, ಕೀ ಯಾವತ್ತು ಕಳಿಸುತ್ತೀರಿ ಎಂದು. ನನ್ನ ಫೋನ್ ಅವರು ಎತ್ತುವುದನ್ನು ನಿಲ್ಲಿಸಿದ್ದಾರೆ.

— ಉಪಕರಣ ದುರಸ್ತಿ ವಿಭಾಗದ ಒಬ್ಬ ಕನ್ನಡಿಗ, ಮಲಾವಿ