ಒಕ್ಕದ ಹೆಸರನ್ನು ಪೂರ್ತಿಯಾಗಿ ಬರೆಯೋಣ

ಓದುಗರೆಲ್ಲರಿಗೂ ನಮಸ್ಕಾರ.

ಕಳೆದ ವರ್ಷ ಹೊರದೇಶದಲ್ಲಿರುವ ನಮ್ಮ ಕನ್ನಡ ಸಂಘದ ಸದಸ್ಯರ ವಿಳಾಸ ಪುಸ್ತಿಕೆಯನ್ನು ಅಚ್ಚಿಗೆ ಕೊಡುವಾಗ ಪುಟದ ಅಗಲ ಸಾಲದೆ, ಉದ್ದವಾದ ಹೆಸರುಗಳ ಮೊದಲ ಪದವನ್ನೆಲ್ಲ ಒಂದೊಂದು ಅಕ್ಷರಕ್ಕೆ ಇಳಿಸಿಬಿಟ್ಟೆವು. ಆ ತೀರ್ಮಾನ ನನ್ನದೇ ಆಗಿತ್ತು. ಪುಸ್ತಿಕೆ ಮನೆಗಳನ್ನು ತಲುಪಿದ ವಾರದಲ್ಲೇ, ವಿರಾಜಪೇಟೆ ಕಡೆಯಿಂದ ಮಗನ ಮನೆಗೆ ಬಂದು ನೆಲೆಸಿರುವ ಹಿರಿಯರೊಬ್ಬರು ನನಗೆ ಫೋನ್ ಮಾಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನೋಡಮ್ಮ, ಪುಸ್ತಕ ಚೆನ್ನಾಗಿ ಬಂದಿದೆ. ಆದರೆ ನನ್ನ ಒಕ್ಕದ ಹೆಸರು ಎಲ್ಲಿ ಹೋಯಿತು? ಆ ಒಂದು ಅಕ್ಷರದಿಂದ ಶುರುವಾಗುವ ಒಕ್ಕಗಳು ಕೊಡಗಿನಲ್ಲಿ ಬೇಕಾದಷ್ಟಿವೆ. ಇದನ್ನು ನೋಡಿದವರಿಗೆ ನಾನು ಯಾರ ಪೈಕಿ ಎಂದು ತಿಳಿಯುವುದು ಹೇಗೆ?" ಎಂದು ಕೇಳಿದರು. ಒಕ್ಕ ಎಂದರೆ ಕೊಡವರ ಮನೆತನ. ನನ್ನಲ್ಲಿ ಉತ್ತರವಿರಲಿಲ್ಲ. ಈ ಸಂಚಿಕೆಯ ಸಂಪಾದಕೀಯವನ್ನು ಅವರ ಆ ಪ್ರಶ್ನೆಗೇ ಮೀಸಲಿಟ್ಟಿದ್ದೇನೆ.

ನಾನು ಮಡಿಕೇರಿಯಲ್ಲಿ ಹುಟ್ಟಿ ಬೆಳೆದವಳು. ನಮ್ಮ ಮನೆಮಾತು ಕನ್ನಡ. ಕೊಡವರ ಭಾಷೆಯಾದ ಕೊಡವ ತಕ್ಕ್ ಕೇಳಿದರೆ ಅರ್ಥವಾಗುತ್ತದೆ, ಮಾತಾಡಲು ನಾಲಿಗೆ ಅಷ್ಟಾಗಿ ಹೊರಳುವುದಿಲ್ಲ. ಆದರೂ ಈ ಹೆಸರುಗಳ ಬೆಲೆ ನನಗೆ ಗೊತ್ತಿರಬೇಕಿತ್ತು, ಏಕೆಂದರೆ ಅದನ್ನು ನಾನು ಕಲಿತದ್ದು ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕದಿಂದ. ನಮ್ಮ ತರಗತಿಯಲ್ಲಿ ಮೂವರು ಪೊನ್ನಪ್ಪಂದಿರಿದ್ದರು, ಇಬ್ಬರು ಕಾವೇರಮ್ಮಂದಿರಿದ್ದರು. ಮನೆಯ ಹಿರಿಯರ ಹೆಸರನ್ನು ಮಕ್ಕಳಿಗೆ ಇಡುವ ವಾಡಿಕೆಯಿಂದಾಗಿ ಪೊನ್ನಪ್ಪ, ಬೋಪಣ್ಣ, ಕಾರ್ಯಪ್ಪ, ತಿಮ್ಮಯ್ಯ, ಸೋಮಯ್ಯ, ಪೂವಯ್ಯ ಎಂಬ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಮರಳಿ ಬರುತ್ತಲೇ ಇರುತ್ತವೆ. ನಮ್ಮ ಮೇಷ್ಟ್ರು ಆ ಮೂವರು ಹುಡುಗರನ್ನು ಎಂದೂ ಪೊನ್ನಪ್ಪ ಎಂದು ಕೂಗಿದ್ದು ನೆನಪಿಲ್ಲ. ಒಕ್ಕದ ಹೆಸರು ಹಿಡಿದೇ ಕರೆಯುತ್ತಿದ್ದರು. ಆ ಹೆಸರು ಕೇಳಿದೊಡನೆ ಹುಡುಗ ಯಾವ ಊರಿನವನು, ಯಾರ ಮೊಮ್ಮಗ, ಮಳೆಗಾಲದಲ್ಲಿ ಎಷ್ಟು ದೂರದಿಂದ ನೆನೆದು ಬರುತ್ತಾನೆ ಎಂಬುದೆಲ್ಲ ಅವರಿಗೆ ತಿಳಿದುಹೋಗುತ್ತಿತ್ತು.

ಕೊಡಗಿನವರಲ್ಲದ ನಮ್ಮ ಸದಸ್ಯರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಕ್ಕ ಎಂದರೆ ಒಬ್ಬ ಮೂಲಪುರುಷನಿಂದ ಗಂಡುಸಂತತಿಯ ದಾರಿಯಲ್ಲಿ ಹಬ್ಬಿ ಬಂದ ಮನೆತನ. ಆ ಮೂಲಪುರುಷನನ್ನು ಕಾರಣವ ಎಂದು ಪೂಜಿಸುತ್ತಾರೆ. ಒಕ್ಕದಲ್ಲಿ ಈಗಿರುವವರಲ್ಲಿ ಹಿರಿಯನಾದವನು ಪಟ್ಟೆದಾರ. ಒಕ್ಕದ ಹೆಸರನ್ನು ಮನೆಪೆದ ಎನ್ನುತ್ತಾರೆ. ಹೆಚ್ಚಿನ ಮನೆಪೆದಗಳು 'ಅಂಡ' ಎಂದೋ 'ಇರ' ಎಂದೋ ಕೊನೆಗೊಳ್ಳುವುದನ್ನು ನೀವು ಗಮನಿಸಿರಬಹುದು. ಇದು ಕನ್ನಡದಲ್ಲಿ ನಾವು 'ಇಂಥವರ' ಎನ್ನುವ ಷಷ್ಠಿ ವಿಭಕ್ತಿಯ ಹಾಗೆ. ಕೊಡವ ತಕ್ಕಿನಲ್ಲಿ 'ನಮ್ಮ' ಎನ್ನಲು 'ನಂಗಡ' ಎನ್ನುವಾಗಲೂ ಅದೇ ಬಗೆಯ ಪ್ರತ್ಯಯ ಕೇಳಿಸುತ್ತದೆ. ಹಾಗಾಗಿ ಈ ಹೆಸರು ವ್ಯಕ್ತಿಯ ಹೆಸರಿನ ಹಿಂದೆ ಬಾಲದಂತೆ ಬರುವುದಿಲ್ಲ. ಮುಂದೆ ನಿಂತು, ಯಾರ ಮನೆಯ ಯಾರು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳುತ್ತದೆ. ಅದನ್ನು ಇನಿಶಿಯಲ್ ಮಾಡಿದಾಗ ವಾಕ್ಯದ ಮೊದಲ ಅರ್ಧವನ್ನೇ ಕತ್ತರಿಸಿದಂತಾಗುತ್ತದೆ.

ಆ ಹೆಸರಿಗೆ ಕೊಡಗಿನಲ್ಲಿ ಒಂದು ಜಾಗವೂ ಇದೆ, ಅದೇ ಒಕ್ಕದ ಮೂಲಮನೆಯಾದ ಐನ್‌ಮನೆ. ಕೆಲವು ವರ್ಷಗಳ ಹಿಂದೆ ಸುಗ್ಗಿಯ ಹಬ್ಬವಾದ ಪುತ್ತರಿಗೆ ಊರಿನಲ್ಲಿದ್ದಾಗ ಶಾಲೆಯ ಗೆಳತಿಯೊಬ್ಬಳು ನಾಪೋಕ್ಲು ಕಡೆ ಇರುವ ತನ್ನ ತವರಿನ ಐನ್‌ಮನೆಗೆ ನನ್ನನ್ನು ಕರೆದೊಯ್ದಳು. ಎರಡೂ ಬದಿಗೆ ಆಳೆತ್ತರದ ಮಣ್ಣಿನ ದಿಣ್ಣೆಗಳಿರುವ ಓಣಿಯಲ್ಲಿ ನಡೆದು, ಕೊನೆಯ ತಿರುವು ದಾಟಿದರೆ ಎತ್ತರದ ಜಗಲಿಯ ಮೇಲೆ ಮನೆ, ಕೆಳಗೆ ಅದೇ ಒಕ್ಕದ ಗದ್ದೆ. ಕಯ್ಯಾಲೆಯ, ಅಂದರೆ ಮುಂಜಗಲಿಯ, ಕಂಬಗಳ ನಡುವೆ ಹಾಸಿದ ಅಗಲವಾದ ಮರದ ಹಲಗೆ, ತಲೆತಲಾಂತರದಿಂದ ಜನ ಕೂತೂ ಕೂತೂ ನುಣುಪಾಗಿತ್ತು. ವರ್ಷವಿಡೀ ಒಬ್ಬಿಬ್ಬರೇ ಇರುವ ಆ ಮನೆಯಲ್ಲಿ ಅಂದು ಬೆಂಗಳೂರು, ಮೈಸೂರು, ಪುಣೆಗಳಿಂದ ಬಂದವರೆಲ್ಲ ಸೇರಿದ್ದರು. ರಾತ್ರಿ "ಪೊಲಿ ಪೊಲಿ ದೇವಾ" ಎಂದು ಕೂಗುತ್ತ ಗದ್ದೆಯಿಂದ ಕದಿರು ತಂದ ಮೇಲೆ, ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯ ತೂಗುದೀಪದ ಕೆಳಗೆ ಪಟ್ಟೆದಾರರು ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ಬಿಚ್ಚಿದರು. ಅದು ಒಕ್ಕದ ವಂಶವೃಕ್ಷ. ಹಾಳೆಗಳ ಅಂಚು ದೀಪದ ಹೊಗೆಗೆ ಕಂದಿತ್ತು. ಮೊದಲ ಪುಟಗಳು ಶಾಯಿಯಲ್ಲಿ, ನಡುವಿನವು ಬಾಲ್‌ಪೆನ್ನಿನಲ್ಲಿ, ಕೊನೆಯವು ಪೆನ್ಸಿಲ್‌ನಲ್ಲಿ. ಸೈನ್ಯಕ್ಕೆ ಹೋಗಿ ಮರಳದವರ ಹೆಸರಿನ ಪಕ್ಕ ಒಂದು ಸಣ್ಣ ಗೆರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರಿನ ಮುಂದೆ ಅವರನ್ನು ಕೊಟ್ಟ ಒಕ್ಕದ ಹೆಸರು. ನನ್ನ ಗೆಳತಿ ತನ್ನ ಹೆಸರನ್ನು ಬೆರಳಿಟ್ಟು ತೋರಿಸಿದಳು. ಅವಳ ಪಾಸ್‌ಪೋರ್ಟಿನಲ್ಲಿ ಇಲ್ಲದ ಎರಡು ಮನೆಗಳ ಹೆಸರು, ತವರಿನದೂ ಗಂಡನ ಮನೆಯದೂ, ಆ ಒಂದು ಸಾಲಿನಲ್ಲಿತ್ತು.

ಈಗ ಹೊರದೇಶದ ಅರ್ಜಿ ನಮೂನೆಗಳ ವಿಷಯಕ್ಕೆ ಬರುತ್ತೇನೆ. ಕೊಡಂದೇರ ಒಕ್ಕದ ಉದಾಹರಣೆ ನಮಗೆಲ್ಲ ಪರಿಚಿತವಾದದ್ದು. ಸ್ವತಂತ್ರ ಭಾರತದ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾಗಿ 1949ರ ಜನವರಿ 15ರಂದು ಅಧಿಕಾರ ವಹಿಸಿಕೊಂಡವರು ಕೊಡಂದೇರ ಮಾದಪ್ಪ ಕಾರ್ಯಪ್ಪ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನೇತೃತ್ವ ವಹಿಸಿದ್ದಾಗಲೇ ತೀರಿಕೊಂಡವರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಮಡಿಕೇರಿಯಲ್ಲಿ ಕಾರ್ಯಪ್ಪನವರ ಹೆಸರಿನ ಕಾಲೇಜಿದೆ. ತಿಮ್ಮಯ್ಯನವರು ಹುಟ್ಟಿದ 'ಸನ್ನಿ ಸೈಡ್' ಮನೆ ಈಗ ಅವರ ಸ್ಮಾರಕ ವಸ್ತುಸಂಗ್ರಹಾಲಯವಾಗಿದೆ. ಎರಡೂ ಫಲಕಗಳನ್ನು ಓದಿಕೊಂಡು ಹೋಗುವ ಪ್ರವಾಸಿಗರಲ್ಲಿ ಎಷ್ಟು ಜನರಿಗೆ ಈ ಇಬ್ಬರು ದಂಡನಾಯಕರದು ಒಂದೇ ಒಕ್ಕವೆಂದು ಹೊಳೆದೀತು? ಇಬ್ಬರ ಹೆಸರಿನ ಮುಂದೆಯೂ ಕೊಡಂದೇರದ ಬದಲು ಬರುವ 'ಕೆ' ಎಂಬ ಅಕ್ಷರ ಅದನ್ನು ಹೇಳುವುದಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿ: ತಿಮ್ಮಯ್ಯನವರ ಅಣ್ಣ ಪೊನ್ನಪ್ಪ, ತಮ್ಮ ಸೋಮಯ್ಯ, ಮೂವರೂ ಸೈನ್ಯದ ಅಧಿಕಾರಿಗಳು. ಕೊನೆಯ ಪದವೇ ಮನೆತನದ ಹೆಸರೆಂದು ಭಾವಿಸುವ ಅರ್ಜಿಯೊಂದರಲ್ಲಿ ಒಂದೇ ತಾಯಿಯ ಈ ಮೂರು ಮಕ್ಕಳು ಮೂರು ಬೇರೆ ಬೇರೆ ಕುಟುಂಬಗಳಿಗೆ ಸೇರಿದವರಾಗಿಬಿಡುತ್ತಾರೆ.

ಇದರ ಇನ್ನೊಂದು ಮುಖವೂ ಇದೆ. ಟೆನಿಸ್ ಆಟಗಾರ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಜಗತ್ತಿನ ವೀಕ್ಷಕ ವಿವರಣೆಕಾರರೆಲ್ಲ "ಬೋಪಣ್ಣ, ಬೋಪಣ್ಣ" ಎಂದು ಕೂಗಿದರು. ಅದು ಅವರ ತಂದೆಯ ಹೆಸರು. ಅವರ ಒಕ್ಕ ಮಚ್ಚಂಡ. ಬ್ಯಾಡ್ಮಿಂಟನ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಅವರದು ಮಾಚಿಮಂಡ ಒಕ್ಕ. ಅಲ್ಲಿಯೂ ಪೊನ್ನಪ್ಪ ಎಂಬುದು ತಂದೆಯ ಹೆಸರೇ. ಅವರನ್ನು ಹೀಗೆ ಕರೆಯುವುದರಲ್ಲಿ ಯಾವ ತಪ್ಪೂ ಇಲ್ಲ, ತಂದೆಯ ಹೆಸರನ್ನು ಹೊರುವುದು ಗೌರವವೇ. ಆದರೆ ನಮ್ಮ ಸಂಘದ ಪಟ್ಟಿಯಲ್ಲಿ ಪೊನ್ನಪ್ಪ ಎಂಬ ಒಂದೇ ಸರ್‌ನೇಮ್ ಅಡಿ ಬಂದಿರುವ ಐದು ಕುಟುಂಬಗಳು ಒಂದಕ್ಕೊಂದು ನೆಂಟರಲ್ಲ, ಮತ್ತು ನಿಜವಾಗಿ ಒಂದೇ ಒಕ್ಕದವರಾದ ಎರಡು ಕುಟುಂಬಗಳು ಪಟ್ಟಿಯ ಎರಡು ತುದಿಗಳಲ್ಲಿವೆ. ಕಳೆದ ಬೇಸಿಗೆಯ ವನಭೋಜನದಲ್ಲಿ ಆ ಎರಡು ಮನೆಗಳ ಮಕ್ಕಳು ಒಂದೇ ಮೇಜಿನಲ್ಲಿ ಕೂತು ಉಂಡರು. ತಾವು ಒಂದೇ ಕಾರಣವನ ಕುಡಿಗಳೆಂದು ಅವರಿಗೆ ತಿಳಿದದ್ದು, ಊರಿನಿಂದ ಬಂದ ಅಜ್ಜಿಯೊಬ್ಬರು ಮಾತಿಗೆ ಮಾತು ಸೇರಿಸಿ ಮನೆಪೆದ ಕೇಳಿದ ಮೇಲೆ. ಒಂದೇ ಒಕ್ಕದೊಳಗೆ ಮದುವೆ ಇಲ್ಲವೆಂಬ ನಿಯಮವನ್ನು ಇಂದಿಗೂ ಪಾಲಿಸುವ ಸಮಾಜದಲ್ಲಿ ಇದು ಸಣ್ಣ ವಿಷಯವಲ್ಲ.

ಊರಿನಲ್ಲಿ ಮಾತ್ರ ಒಕ್ಕದ ಹೆಸರು ಮೊದಲಿಗಿಂತ ಗಟ್ಟಿಯಾಗಿ ಕೇಳಿಸುತ್ತಿದೆ. ಅದಕ್ಕೆ ದೊಡ್ಡ ಕಾರಣ ಹಾಕಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಎಂಬ ಊರಿನಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದಾಗ 60 ಒಕ್ಕಗಳ ತಂಡಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ಒಕ್ಕಗಳ ತಂಡಗಳಿದ್ದು, ಅದು ಗಿನ್ನೆಸ್ ದಾಖಲೆಗೆ ಸೇರಿತು. ಪ್ರತಿ ವರ್ಷ ಒಂದು ಒಕ್ಕ ಆತಿಥ್ಯ ವಹಿಸುತ್ತದೆ, ಕಪ್ಪಿಗೆ ಆ ಒಕ್ಕದ ಹೆಸರೇ. ಅಂಗಿಯ ಮೇಲೆ ದೇಶ, ಕಂಪನಿಗಳ ಹೆಸರಿನ ಬದಲು ಮನೆತನದ ಹೆಸರು. ಒಂದೇ ತಂಡದಲ್ಲಿ ಶಾಲೆಯ ಹುಡುಗನೂ ನಿವೃತ್ತ ಸೈನಿಕನೂ, ಅಣ್ಣನ ಜೊತೆ ತಂಗಿಯೂ ಆಡುವುದನ್ನು ಅಲ್ಲಿ ನೋಡಬಹುದು. ಹೆಸರು ಒಂದೇ ಆಗಿ ಊರು ಬೇರೆಯಾದ ಒಕ್ಕಗಳೂ ಕೊಡಗಿನಲ್ಲಿವೆ. ಪಂದ್ಯಗಳ ಪಟ್ಟಿಯಲ್ಲಿ ಗೊಂದಲವಾಗದಂತೆ ಅಂಥ ಒಕ್ಕಗಳ ಹೆಸರಿನ ಪಕ್ಕದಲ್ಲಿ ಊರಿನ ಹೆಸರನ್ನೂ ಹಾಕುತ್ತಾರೆ. ನಮ್ಮ ಪುಸ್ತಿಕೆಗೂ ಇದೇ ಕ್ರಮವನ್ನು ಅಳವಡಿಸಿಕೊಳ್ಳಬೇಕೆಂದು ನನಗೆ ಹೊಳೆದದ್ದು ಅಲ್ಲಿಂದಲೇ.

ಈ ಮಾತು ಕೊಡವರಿಗೆ ಮಾತ್ರ ಸಂಬಂಧಿಸಿದ್ದೆಂದು ಉಳಿದ ಸದಸ್ಯರು ಪುಟ ತಿರುಗಿಸಬಾರದು. ಕೊಡಗಿನ ಅರೆಭಾಷೆ ಗೌಡರಲ್ಲಿ ಮನೆಯ ಜಾಗವೇ ಮನೆತನದ ಹೆಸರಾಗುವುದುಂಟು. ಬ್ರಿಟಿಷರ ವಿರುದ್ಧ ಎದ್ದು 1837ರಲ್ಲಿ ಮಡಿಕೇರಿಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರಿನ ಮೊದಲ ಪದ ಗುಡ್ಡದ ಮೇಲಿನ ಒಂದು ಮನೆಯನ್ನು ಕಣ್ಣ ಮುಂದೆ ತರುತ್ತದೆ. ಹಳೆಯ ಮೈಸೂರಿನವರ ಹೆಸರಿನ ಮುಂದಿನ ಮೊದಲಕ್ಷರದಲ್ಲಿ ಒಂದು ಊರು ಅಡಗಿರುತ್ತದೆ. 'ಕುವೆಂಪು' ಎಂಬ ಕಾವ್ಯನಾಮದ ಮೊದಲಕ್ಷರದಲ್ಲಿ ಕುಪ್ಪಳಿ ಇದೆ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಕೊನೆಯಲ್ಲೇ ಬರುವುದರಿಂದ ಇಲ್ಲಿನ ಅರ್ಜಿಗಳು ಅವರನ್ನು ಅಷ್ಟಾಗಿ ಕಾಡುವುದಿಲ್ಲ. 'ಮಿಸೆಸ್ ಬಿ. ಟಿ. ಜಿ. ಕೃಷ್ಣ' ಎಂದು ಗಂಡನ ಹೆಸರಿನ ಅಕ್ಷರಗಳಲ್ಲಿ ಸಹಿ ಹಾಕಿ ಕತೆ ಬರೆದು, 1939ರಲ್ಲಿ 27ರ ಹರೆಯದಲ್ಲೇ ತೀರಿಕೊಂಡ ಲೇಖಕಿಯನ್ನು ಕನ್ನಡಿಗರು ಇಂದು ಗುರುತಿಸುವುದು ಕೊಡಗಿನ ಗೌರಮ್ಮ ಎಂದೇ. ಆ ಅಕ್ಷರಗಳು ಮರೆತುಹೋದವು, ನಾಡಿನ ಹೆಸರು ಉಳಿಯಿತು. ನನಗೆ ಇದು ಬಹಳ ಇಷ್ಟವಾದ ಸಂಗತಿ.

ಹೆಣ್ಣುಮಕ್ಕಳ ಹೆಸರಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಕೊಡವ ಮದುವೆಯಲ್ಲಿ ಎರಡೂ ಕಡೆಯ ಅರುವರು, ಅಂದರೆ ಒಕ್ಕದ ಪರವಾಗಿ ಮಾತಾಡುವವರು, ಎದುರುಬದುರಾಗಿ ನಿಂತು ಸಂಬಂಧ ಒಪ್ಪಿಸುವ ಶಾಸ್ತ್ರವಿದೆ. ಚಿನ್ನದ ಸಂಕೇತವಾಗಿ ಸಣ್ಣ ಕಲ್ಲುಗಳನ್ನು ಎಣಿಸಿ ಕೊಟ್ಟು, ವಧುವಿಗೆ ಹೊಸ ಒಕ್ಕದಲ್ಲಿರುವ ಹಕ್ಕನ್ನು ಸಭೆಯ ಮುಂದೆ ಸಾರುತ್ತಾರೆ. ಅಂದಿನಿಂದ ಅವಳು ಗಂಡನ ಒಕ್ಕದವಳು, ಆದರೂ ತಾಮನೆಯ, ಅಂದರೆ ತವರಿನ, ನಂಟು ಕಡಿಯುವುದಿಲ್ಲ. ನಮ್ಮ ಹಳೆಯ ಪುಸ್ತಿಕೆಯಲ್ಲಿ ಆಕೆಯ ಹೆಸರಿನ ಪಕ್ಕ ಇದ್ದದ್ದು ಗಂಡನ ತಂದೆಯ ಹೆಸರು. ಅದು ಆಕೆಯ ಎರಡು ಮನೆಗಳಲ್ಲಿ ಯಾವುದರದೂ ಅಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಒಪ್ಪಿಗೆ ಪಡೆದು ಈ ವರ್ಷದ ಪುಸ್ತಿಕೆಯನ್ನು ಬೇರೆ ರೀತಿಯಲ್ಲಿ ಕಟ್ಟುತ್ತಿದ್ದೇವೆ. ಪುಟದ ಅಗಲ ಹೆಚ್ಚಿಸಿದ್ದೇವೆ. ಮೊದಲು ಒಕ್ಕ ಅಥವಾ ಮನೆತನದ ಹೆಸರು, ಅದರ ಕೆಳಗೆ ಊರು, ಆಮೇಲೆ ಸದಸ್ಯರ ಹೆಸರು. ಬಯಸುವ ಹೆಣ್ಣುಮಕ್ಕಳಿಗೆ ತವರಿನ ಮನೆತನಕ್ಕೂ ಒಂದು ಸಾಲು. ಸರ್ಕಾರಿ ದಾಖಲೆಗಳಲ್ಲಿ ನಿಮ್ಮ ಸರ್‌ನೇಮ್ ಏನಿದ್ದರೂ ಇಲ್ಲಿ ಅದು ಅಡ್ಡಿಯಾಗುವುದಿಲ್ಲ. ಹೊಸದಾಗಿ ಹುಟ್ಟಿದ ಮಗುವಿನ ಜನನ ಪತ್ರವನ್ನು ಇನ್ನೂ ಮಾಡಿಸದವರು, ಸಾಧ್ಯವಾದರೆ ಒಕ್ಕದ ಹೆಸರನ್ನು ಪೂರ್ತಿಯಾಗಿ ಬರೆಸುವ ಬಗ್ಗೆ ಮನೆಯಲ್ಲಿ ಮಾತಾಡಿಕೊಳ್ಳಿ. ಮಧ್ಯದ ಹೆಸರಿನ ಜಾಗದಲ್ಲಾದರೂ ಅದು ಕೂರಲಿ.

ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಕಳುಹಿಸಿ. ಇಂಗ್ಲಿಷಿನಲ್ಲಿ ಒಂದೇ ಒಕ್ಕದ ಹೆಸರನ್ನು ಅಣ್ಣ ಒಂದು ರೀತಿ, ತಮ್ಮ ಇನ್ನೊಂದು ರೀತಿ ಬರೆಯುತ್ತಾರೆ. ಕೊಡವ ತಕ್ಕಿನ ಒಂದೆರಡು ಸ್ವರಗಳಿಗೆ ಕನ್ನಡದಲ್ಲಿಯೂ ತಕ್ಕ ಅಕ್ಷರವಿಲ್ಲ, ಆದರೂ ಕನ್ನಡ ಹೆಚ್ಚು ಹತ್ತಿರ. ಕನ್ನಡದಲ್ಲಿ ಟೈಪ್ ಮಾಡಲು ಬಾರದವರು ಪುತ್ತರಿಗೆ ಮುಂಚೆ ಯಾವುದೇ ಭಾನುವಾರ ಸಂಜೆ ನನಗೆ ಫೋನ್ ಮಾಡಿ ಹೇಳಿದರೆ, ಕೇಳಿಸಿಕೊಂಡು ಬರೆದುಕೊಳ್ಳುತ್ತೇನೆ. ಮೊದಲ ಪುಟದ ಕರಡನ್ನು ಆ ಹಿರಿಯರಿಗೆ ಈಗಾಗಲೇ ಓದಿ ಹೇಳಿದ್ದೇನೆ. ಅವರು ಒಕ್ಕದ ಹೆಸರನ್ನು ಇನ್ನೊಮ್ಮೆ ಓದಿಸಿ, ಒಂದು ದೀರ್ಘವನ್ನು ತಿದ್ದಿಸಿದರು.